ನಗದು ಹೋಗದ ಖರ್ಚು: ಷೇರು ರೂಪದ ಸಂಬಳದ ಲೆಕ್ಕಾಚಾರ

ಸಂಸ್ಥೆಯೊಂದು ತನ್ನ ನೌಕರನಿಗೆ ಸಂಬಳವನ್ನು ನಗದಾಗಿ ಕೊಟ್ಟರೆ ಅದು ಖರ್ಚು ಎಂಬುದರಲ್ಲಿ ಯಾವ ವರ್ತಕನಿಗೂ ಸಂದೇಹವಿರದು. ಸಂಬಳದ ಬದಲು ಅಕ್ಕಿಮೂಟೆ ಕೊಟ್ಟರೂ, ವಾಸಕ್ಕೆ ಮನೆ ಕೊಟ್ಟರೂ ಅದು ಖರ್ಚೇ. ಆದರೆ ಅದೇ ಸಂಸ್ಥೆ ತನ್ನ ಷೇರುಗಳನ್ನೇ ಸಂಬಳದ ರೂಪದಲ್ಲಿ ಕೊಟ್ಟರೆ ಅದನ್ನು ಖರ್ಚೆಂದು ಬರೆಯಬೇಕೆ? ಗಲ್ಲಾಪೆಟ್ಟಿಗೆಯಿಂದ ಒಂದು ಪೈಸೆಯೂ ಹೊರಗೆ ಹೋಗಿಲ್ಲ. ಬ್ಯಾಂಕಿನ ಖಾತೆಯಲ್ಲಿ ಇದ್ದ ಹಣ ಇದ್ದಂತೆಯೇ ಇದೆ. ಹಾಗಿದ್ದೂ ಲಾಭ-ನಷ್ಟದ ಲೆಕ್ಕದಲ್ಲಿ ಲಾಭ ಏಕೆ ಕಡಿಮೆಯಾಗಬೇಕು?

ಈ ಪ್ರಶ್ನೆಯ ಸುತ್ತ ಅಮೆರಿಕದಲ್ಲಿ ಹಲವು ದಶಕಗಳ ಕಾಲ ವಾದವಿವಾದ ನಡೆದಿದೆ. ಭಾರತದಲ್ಲಿಯೂ ಅದು ನ್ಯಾಯಾಲಯದ ಮೆಟ್ಟಿಲೇರಿದೆ. ತಮ್ಮ ಘಟಕಗಳನ್ನು ಖಾಸಗಿ ಕಂಪನಿಯಾಗಿಯೋ, ಮುಂದೆ ಷೇರುಪೇಟೆಯ ಕಂಪನಿಯಾಗಿಯೋ ಬೆಳೆಸಬಯಸುವ ಉದ್ದಿಮೆದಾರರು ಹಾಗೂ ತಮ್ಮ ಉಳಿತಾಯವನ್ನು ಷೇರುಗಳಲ್ಲಿ ತೊಡಗಿಸುವ ವರ್ತಕರು ಈ ಲೆಕ್ಕದ ಒಳಗುಟ್ಟನ್ನು ಅರಿತಿರುವುದು ಲೇಸು.

ಒಂದು ಸರಳ ಉದಾಹರಣೆ

ಕಾಲ್ಪನಿಕ ಕಂಪನಿಯೊಂದನ್ನು ಗಮನಿಸೋಣ. ಅದರಲ್ಲಿ ಒಟ್ಟು 10,00,000 ಷೇರುಗಳಿವೆ. ಒಂದು ಷೇರಿನ ಬೆಲೆ 200 ರೂಪಾಯಿ. ವಾರ್ಷಿಕ ಲಾಭ 1.20 ಕೋಟಿ ರೂಪಾಯಿ, ಅಂದರೆ ಷೇರಿಗೆ 12 ರೂಪಾಯಿ. ಅನುಭವಿ ಮ್ಯಾನೇಜರನೊಬ್ಬನನ್ನು ಉಳಿಸಿಕೊಳ್ಳುವ ಸಲುವಾಗಿ ಕಂಪನಿಯು ಅವನಿಗೆ 6,000 ಷೇರುಗಳನ್ನು ಉಚಿತವಾಗಿ ಕೊಡುವುದಾಗಿ ಒಪ್ಪುತ್ತದೆ. ಷರತ್ತು ಒಂದೇ: ಅವನು ಮೂರು ವರ್ಷ ಸೇವೆಯಲ್ಲಿ ಮುಂದುವರಿಯಬೇಕು. ಹೀಗೆ ಹಕ್ಕು ಪಕ್ವವಾಗಲು ಕಾಯಬೇಕಾದ ಕಾಲಕ್ಕೆ ವ್ಯವಹಾರದಲ್ಲಿ ವೆಸ್ಟಿಂಗ್ ಅವಧಿ ಎನ್ನುತ್ತಾರೆ.

ಷೇರು ಕೊಡಲು ಒಪ್ಪಿದ ದಿನದ ಬೆಲೆಯಂತೆ ಈ ಕೊಡುಗೆಯ ಮೌಲ್ಯ 12 ಲಕ್ಷ ರೂಪಾಯಿ. ಅದನ್ನು ಮೂರು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 4 ಲಕ್ಷ. ಪ್ರತಿ ವರ್ಷ ನೌಕರರ ವೆಚ್ಚದ ಖಾತೆಗೆ 4 ಲಕ್ಷ ಖರ್ಚು ಬರೆದು, ಅಷ್ಟೇ ಮೊತ್ತವನ್ನು ಷೇರುದಾರರ ನಿಧಿಯ ಭಾಗವಾದ ಪ್ರತ್ಯೇಕ ಮೀಸಲು ಖಾತೆಗೆ ಜಮಾ ಮಾಡಲಾಗುತ್ತದೆ. ತೆರಿಗೆಯ ಮಾತನ್ನು ಬದಿಗಿಟ್ಟರೆ, ಲಾಭ 1.20 ಕೋಟಿಯಿಂದ 1.16 ಕೋಟಿಗೆ ಇಳಿಯುತ್ತದೆ. ಷೇರಿನ ಗಳಿಕೆ 12 ರೂಪಾಯಿಯಿಂದ 11.60ಕ್ಕೆ ಇಳಿಯುತ್ತದೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕಂಪನಿಯ ನಗದು ಕಡಿಮೆಯಾಗಿಲ್ಲ. ಷೇರುದಾರರ ಒಟ್ಟು ನಿಧಿಯೂ ಈ ಬರಹದಿಂದ ಬದಲಾಗಿಲ್ಲ. ಲಾಭದಲ್ಲಿ ಕಳೆದದ್ದು ಮೀಸಲಿನಲ್ಲಿ ಕೂಡಿದೆ. ಎರಡನೆಯದು, ಮೂರು ವರ್ಷಗಳಾದ ಮೇಲೆ ಷೇರುಗಳ ಸಂಖ್ಯೆ 10,06,000 ಆಗುತ್ತದೆ. ಹಳೆಯ ಷೇರುದಾರರ ಪಾಲು ಅಷ್ಟರಮಟ್ಟಿಗೆ ಸವೆಯುತ್ತದೆ. ಮ್ಯಾನೇಜರನ ಸಂಬಳವನ್ನು ಕೊಟ್ಟವರು ಅವರೇ ಎಂಬುದು ಇದರಿಂದ ಸ್ಪಷ್ಟ. ಮೂರನೆಯದು, ಷೇರಿನ ಬೆಲೆ ಮಾರನೆಯ ವರ್ಷ 80 ರೂಪಾಯಿಗೆ ಕುಸಿದರೂ ವಾರ್ಷಿಕ ಖರ್ಚು 4 ಲಕ್ಷವೇ ಉಳಿಯುತ್ತದೆ; 500ಕ್ಕೆ ಏರಿದರೂ ಅಷ್ಟೇ. ಬೆಲೆಯನ್ನು ಒಪ್ಪಂದದ ದಿನ ನಿಗದಿ ಮಾಡಿದ ಮೇಲೆ ಮತ್ತೆ ತಿದ್ದುವಂತಿಲ್ಲ. ಆದರೆ ಮ್ಯಾನೇಜರನು ಷರತ್ತು ಪೂರೈಸದೆ ನಡುವೆಯೇ ಕೆಲಸ ಬಿಟ್ಟರೆ, ಅದುವರೆಗೆ ಬರೆದ ಖರ್ಚನ್ನು ಹಿಂದಕ್ಕೆ ತಿರುಗಿಸಲಾಗುತ್ತದೆ.

ಬ್ಲ್ಯಾಕ್‌ಸ್ಟೋನ್ ಸಂಸ್ಥೆಯ ನಿದರ್ಶನ

ಈ ಸಣ್ಣ ಲೆಕ್ಕ ಬೃಹತ್ ಪ್ರಮಾಣದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಬ್ಲ್ಯಾಕ್‌ಸ್ಟೋನ್ ಹಣಕಾಸು ಸಂಸ್ಥೆಯ ಲೆಕ್ಕಪತ್ರಗಳು ಉತ್ತಮ ಪಾಠವಾಗಿವೆ. ಪೀಟರ್ ಪೀಟರ್ಸನ್ ಮತ್ತು ಸ್ಟೀಫನ್ ಶ್ವಾರ್ಜ್‌ಮನ್ ಇಬ್ಬರೂ ಸೇರಿ 1985ರಲ್ಲಿ 4 ಲಕ್ಷ ಡಾಲರ್ ಬಂಡವಾಳದಿಂದ ಆರಂಭಿಸಿದ ಈ ಸಂಸ್ಥೆ, ಪಿಂಚಣಿ ನಿಧಿ ಮುಂತಾದವುಗಳ ಹಣವನ್ನು ಪಡೆದು ಕಂಪನಿಗಳನ್ನೂ ಸ್ಥಿರಾಸ್ತಿಗಳನ್ನೂ ಕೊಂಡು ಮಾರುವ ವ್ಯವಹಾರದಲ್ಲಿ ಬೆಳೆಯಿತು. 2007ರ ಜೂನ್‌ವರೆಗೆ ಅದು ಪಾಲುದಾರರ ಸ್ವತ್ತಾಗಿತ್ತು. ಆ ತಿಂಗಳು ಯೂನಿಟ್ ಒಂದಕ್ಕೆ 31 ಡಾಲರ್‌ನಂತೆ 13.33 ಕೋಟಿ ಯೂನಿಟ್‌ಗಳನ್ನು ಸಾರ್ವಜನಿಕರಿಗೆ ಮಾರಿ, ಸುಮಾರು 413 ಕೋಟಿ ಡಾಲರ್ ಸಂಗ್ರಹಿಸಿ ನ್ಯೂಯಾರ್ಕ್ ಷೇರುಪೇಟೆಯನ್ನು ಪ್ರವೇಶಿಸಿತು. ಚೀನಾ ಸರ್ಕಾರದ ಹೂಡಿಕೆ ಸಂಸ್ಥೆಯು ಮತಾಧಿಕಾರವಿಲ್ಲದ ಯೂನಿಟ್‌ಗಳಿಗೆ ಪ್ರತ್ಯೇಕವಾಗಿ 300 ಕೋಟಿ ಡಾಲರ್ ತೊಡಗಿಸಿತು.

ಷೇರುಪೇಟೆಗೆ ಬರುವ ಮುನ್ನ ಹಿರಿಯ ಪಾಲುದಾರರು ಪಡೆಯುತ್ತಿದ್ದ ಹಣವನ್ನು ಸಂಬಳವೆಂದು ಬರೆಯುತ್ತಿರಲಿಲ್ಲ. ಅದು ಲಾಭದ ಹಂಚಿಕೆ ಎನಿಸಿತ್ತು. ನಮ್ಮ ಪಾಲುದಾರಿಕೆ ಅಂಗಡಿಯಲ್ಲಿ ಪಾಲುದಾರರು ವರ್ಷದ ಕೊನೆಗೆ ಲಾಭವನ್ನು ಪಾಲಿನಂತೆ ಹಂಚಿಕೊಳ್ಳುವ ರೀತಿಯೇ ಇದು. ಹಾಗಾಗಿ ಹಳೆಯ ಲೆಕ್ಕಪತ್ರಗಳಲ್ಲಿ ಸಂಸ್ಥೆಯ ಅತ್ಯಂತ ಬೆಲೆಬಾಳುವ ಶ್ರಮಕ್ಕೆ ಖರ್ಚಿನ ಬದಿಯಲ್ಲಿ ಸ್ಥಾನವೇ ಇರಲಿಲ್ಲ. ಲಾಭ ಭಾರಿಯಾಗಿ ಕಾಣುತ್ತಿತ್ತು.

ಸಾರ್ವಜನಿಕ ಸಂಸ್ಥೆಯಾದಾಗ ಪಾಲುದಾರರ ಹಳೆಯ ಒಡೆತನವನ್ನು ಹೊಸ ಯೂನಿಟ್‌ಗಳಾಗಿ ಪರಿವರ್ತಿಸಲಾಯಿತು. ಅವುಗಳ ಪೈಕಿ ಸುಮಾರು 39 ಕೋಟಿ ಯೂನಿಟ್‌ಗಳು ಕೂಡಲೇ ಅವರ ಸ್ವತ್ತಾದವು. ಉಳಿದ ಸುಮಾರು 44 ಕೋಟಿ ಯೂನಿಟ್‌ಗಳಿಗೆ ಒಂದು ಷರತ್ತು ವಿಧಿಸಲಾಯಿತು: ಸಂಸ್ಥೆಯ ಸೇವೆಯಲ್ಲಿ ಮುಂದುವರಿದರೆ ಮಾತ್ರ ಅವು ಹಂತಹಂತವಾಗಿ, ಗರಿಷ್ಠ ಎಂಟು ವರ್ಷಗಳಲ್ಲಿ, ಕೈಸೇರುತ್ತವೆ. ಹೊಸ ಹೂಡಿಕೆದಾರರಿಗೆ ಇದು ಭರವಸೆ ನೀಡುವ ಏರ್ಪಾಡು. ಹಣ ಹಾಕಿದ ಮಾರನೆಯ ದಿನವೇ ಹಳಬರು ಎದ್ದು ಹೋಗುವಂತಿಲ್ಲ.

ಆದರೆ ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಈ ಷರತ್ತು ಎಲ್ಲವನ್ನೂ ಬದಲಿಸಿತು. ಸೇವೆ ಸಲ್ಲಿಸಿದರೆ ಮಾತ್ರ ಸಿಗುವ ವಸ್ತು ಸೇವೆಯ ಪ್ರತಿಫಲವೇ ಆಗಿರಬೇಕು. 44 ಕೋಟಿ ಯೂನಿಟ್‌ಗಳನ್ನು 31 ಡಾಲರ್‌ನಿಂದ ಗುಣಿಸಿದರೆ ಸುಮಾರು 1,360 ಕೋಟಿ ಡಾಲರ್ ಆಗುತ್ತದೆ. ನಡುವೆ ಬಿಟ್ಟುಹೋದವರ ಪಾಲನ್ನು ಕಳೆದು, ಇಷ್ಟು ದೊಡ್ಡ ಮೊತ್ತವನ್ನು ಮುಂದಿನ ವರ್ಷಗಳ ಲಾಭದಿಂದ ಕಳೆಯಬೇಕಾಯಿತು.

ಒಂದೇ ವರ್ಷ, ಎರಡು ಫಲಿತಾಂಶ

ಪರಿಣಾಮವು ಅಂಕಿಗಳಲ್ಲಿ ಎದ್ದು ಕಂಡಿತು. ಸಾರ್ವಜನಿಕ ಯೂನಿಟ್‌ದಾರರ ಪಾಲಿಗೆ ಸೇರಿದ ನಿವ್ವಳ ನಷ್ಟ 2008ರಲ್ಲಿ ಸುಮಾರು 116 ಕೋಟಿ ಡಾಲರ್, 2009ರಲ್ಲಿ ಸುಮಾರು 71.5 ಕೋಟಿ, 2010ರಲ್ಲಿ 37 ಕೋಟಿ ಹಾಗೂ 2011ರಲ್ಲಿ ಸುಮಾರು 17 ಕೋಟಿ ಡಾಲರ್. 2008ರ ನಷ್ಟದಲ್ಲಿ ಜಾಗತಿಕ ಹಣಕಾಸು ಬಿಕ್ಕಟ್ಟಿನ ಪಾಲೂ ಇತ್ತು ಎಂಬುದು ನಿಜ. ಆದರೆ 2010ರಲ್ಲಿ ಪೇಟೆ ಚೇತರಿಸಿಕೊಂಡಿತ್ತು. ಆ ವರ್ಷ ಸಂಸ್ಥೆಯ ಒಟ್ಟು ಆದಾಯ ಸುಮಾರು 312 ಕೋಟಿ ಡಾಲರ್. ನೌಕರರ ಮತ್ತು ಪಾಲುದಾರರ ಪ್ರತಿಫಲದ ಖರ್ಚು ಸುಮಾರು 361 ಕೋಟಿ ಡಾಲರ್! ಆದಾಯಕ್ಕಿಂತ ಸಂಬಳವೇ ಹೆಚ್ಚಾದ ಅಂಗಡಿ ಬಾಗಿಲು ಮುಚ್ಚಬೇಕಲ್ಲವೆ? ಬ್ಲ್ಯಾಕ್‌ಸ್ಟೋನ್ ಮುಚ್ಚಲಿಲ್ಲ, ಬದಲಾಗಿ ಬೆಳೆಯುತ್ತಲೇ ಹೋಯಿತು. ಏಕೆಂದರೆ ಈ ಖರ್ಚಿನ ದೊಡ್ಡ ಭಾಗ ನಗದು ರೂಪದ್ದಾಗಿರಲಿಲ್ಲ.

ಸಂಸ್ಥೆಯು ಅದೇ ವರ್ಷಗಳಿಗೆ ಇನ್ನೊಂದು ಅಂಕಿಯನ್ನೂ ಪ್ರಕಟಿಸುತ್ತಿತ್ತು. ಅದಕ್ಕೆ ‘ಆರ್ಥಿಕ ನಿವ್ವಳ ಆದಾಯ’ ಎಂಬ ಅರ್ಥದ ಹೆಸರನ್ನಿಟ್ಟಿತ್ತು. ಷೇರುಪೇಟೆ ಪ್ರವೇಶಕ್ಕೆ ಸಂಬಂಧಿಸಿದ ಷೇರು ರೂಪದ ಪ್ರತಿಫಲ ಮತ್ತಿತರ ಕೆಲವು ಖರ್ಚುಗಳನ್ನು ಅದರಲ್ಲಿ ಕೈಬಿಡಲಾಗುತ್ತಿತ್ತು. ಈ ಅಳತೆಯಲ್ಲಿ 2010ರ ಫಲಿತಾಂಶ ಸುಮಾರು 140 ಕೋಟಿ ಡಾಲರ್ ಲಾಭ. 2011ರಲ್ಲಿ ಸುಮಾರು 160 ಕೋಟಿ, 2012ರಲ್ಲಿ ಸುಮಾರು 200 ಕೋಟಿ. ಅಧಿಕೃತ ಲೆಕ್ಕದಲ್ಲಿ 2012ರಲ್ಲಷ್ಟೇ ಸುಮಾರು 22 ಕೋಟಿ ಡಾಲರ್ ಲಾಭ ಕಂಡಿತು.

ಒಂದು ಪುಟದಲ್ಲಿ ನಷ್ಟ, ಇನ್ನೊಂದು ಪುಟದಲ್ಲಿ ಲಾಭ. ಎರಡರಲ್ಲಿಯೂ ಮೋಸವಿಲ್ಲ. ಅಮೆರಿಕದ ನಿಯಂತ್ರಕರು 2003ರಲ್ಲಿ ಜಾರಿಗೆ ತಂದ ನಿಯಮದಂತೆ, ಕಂಪನಿಯು ತನ್ನದೇ ಅಳತೆಯ ಲಾಭವನ್ನು ಪ್ರಕಟಿಸಿದರೆ ಅಧಿಕೃತ ಲಾಭಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ತಾಳೆ ಹಾಕಿ ತೋರಿಸಲೇಬೇಕು. ಕಷ್ಟಪಟ್ಟು ಓದುವ ಹೂಡಿಕೆದಾರನಿಗೆ ಸತ್ಯ ಆ ತಾಳೆಪಟ್ಟಿಯಲ್ಲಿಯೇ ದೊರಕುತ್ತದೆ.

ಯಾವುದು ನಿಜವಾದ ಲಾಭ?

ಸಂಸ್ಥೆಯ ಪರವಾದ ವಾದದಲ್ಲಿ ತಿರುಳಿದೆ. ಆ 44 ಕೋಟಿ ಯೂನಿಟ್‌ಗಳು ಹೊಸದಾಗಿ ಕೊಟ್ಟ ಸಂಬಳವಲ್ಲ. ಪಾಲುದಾರರು ಹಿಂದಿನಿಂದಲೂ ಹೊಂದಿದ್ದ ಒಡೆತನದ ರೂಪಾಂತರ. ಅವರು ತಮ್ಮ ಸ್ವತ್ತಿಗೆ ತಾವೇ ಷರತ್ತು ಹಾಕಿಕೊಂಡರು. ಇಂಥ ಖರ್ಚು ಒಮ್ಮೆ ತೀರಿದರೆ ಮತ್ತೆ ಬಾರದು. ಯೂನಿಟ್‌ನ ಬೆಲೆ 2008ರ ಕೊನೆಗೆ 7 ಡಾಲರ್‌ಗಿಂತಲೂ ಕೆಳಗೆ ಇಳಿದಾಗಲೂ ಖರ್ಚನ್ನು 31 ಡಾಲರ್ ಲೆಕ್ಕದಲ್ಲಿಯೇ ಬರೆಯಬೇಕಾಯಿತು. ಪಾಲುದಾರನ ಕೈಗೆ ಬಂದದ್ದು 7 ಡಾಲರ್‌ನ ವಸ್ತು, ಪುಸ್ತಕದಲ್ಲಿ ಬರೆದದ್ದು 31 ಡಾಲರ್‌ನ ಖರ್ಚು.

ಎದುರುವಾದವೂ ಅಷ್ಟೇ ಗಟ್ಟಿಯಾಗಿದೆ. ಒಡೆತನ ನಿಜಕ್ಕೂ ಹಳೆಯದಾಗಿದ್ದರೆ ಸೇವೆಯ ಷರತ್ತು ಏಕೆ? ಸಾರ್ವಜನಿಕ ಹೂಡಿಕೆದಾರನು ಹಣ ಕೊಟ್ಟದ್ದು ಆ ಪಾಲುದಾರರ ಮುಂದಿನ ಎಂಟು ವರ್ಷಗಳ ದುಡಿಮೆಯನ್ನು ನಂಬಿ. ಆ ದುಡಿಮೆಗೆ ಬೆಲೆಯಿದೆ. ಜೊತೆಗೆ, ಪ್ರತಿಭಾವಂತರನ್ನು ಉಳಿಸಿಕೊಳ್ಳಲು ಇಂಥ ಸಂಸ್ಥೆಗಳು ವರ್ಷವರ್ಷವೂ ಹೊಸ ಷೇರುಗಳನ್ನು ಕೊಡುತ್ತಲೇ ಇರುತ್ತವೆ. ಹಳೆಯದು ತೀರುವಷ್ಟರಲ್ಲಿ ಹೊಸದು ಬರುತ್ತದೆ. ಪ್ರತಿ ವರ್ಷವೂ ಬರುವ ಖರ್ಚನ್ನು ‘ವಿಶೇಷ’ ಎಂದು ಪಕ್ಕಕ್ಕಿಡುವುದು ಹೇಗೆ?

ವಿವೇಕಿಯಾದ ಓದುಗನು ಎರಡನ್ನೂ ಬಿಡಿಸಿ ನೋಡಬೇಕು. ಒಮ್ಮೆ ಮಾತ್ರ ಬರುವ ಪರಿವರ್ತನೆಯ ಖರ್ಚು ಬೇರೆ. ಪ್ರತಿ ವರ್ಷ ಮರುಕಳಿಸುವ ಕೊಡುಗೆಯ ಖರ್ಚು ಬೇರೆ. ಮೊದಲನೆಯದನ್ನು ಕೈಬಿಟ್ಟು ಸಂಸ್ಥೆಯ ಶಕ್ತಿಯನ್ನು ಅಳೆಯುವುದರಲ್ಲಿ ನ್ಯಾಯವಿದೆ. ಎರಡನೆಯದನ್ನು ಕೈಬಿಡುವುದು ಸಂಬಳವನ್ನು ಬರೆಯದೆ ಲಾಭ ತೋರಿಸಿದಂತೆ.

ನಿಯಮಗಳು ಬೆಳೆದುಬಂದ ಬಗೆ

ಇಂದಿನ ಕಟ್ಟುನಿಟ್ಟು ಸುಲಭವಾಗಿ ಬರಲಿಲ್ಲ. ಅಮೆರಿಕದಲ್ಲಿ 1972ರ ನಿಯಮದಂತೆ, ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕನ್ನು, ಅಂದರೆ ಆಪ್ಷನ್ ಅನ್ನು, ಅಂದಿನ ಪೇಟೆ ಬೆಲೆಗೇ ಕೊಟ್ಟರೆ ಯಾವ ಖರ್ಚನ್ನೂ ಬರೆಯಬೇಕಿರಲಿಲ್ಲ. ಅಂದಿನ ಬೆಲೆಗೂ ನಿಗದಿತ ಬೆಲೆಗೂ ಅಂತರವಿಲ್ಲದ್ದರಿಂದ ಖರ್ಚು ಸೊನ್ನೆ ಎಂಬುದು ತರ್ಕ. ಆದರೆ ಅಂಥ ಹಕ್ಕನ್ನು ಪೇಟೆಯಲ್ಲಿ ಯಾರೂ ಪುಕ್ಕಟೆಯಾಗಿ ಮಾರುವುದಿಲ್ಲ. ಬೆಲೆ ಏರಿದರೆ ಲಾಭ, ಇಳಿದರೆ ನಷ್ಟವಿಲ್ಲ ಎಂಬ ಸೌಲಭ್ಯಕ್ಕೆ ಬೆಲೆ ಇದ್ದೇ ಇದೆ. 1973ರಲ್ಲಿ ಪ್ರಕಟವಾದ ಬ್ಲ್ಯಾಕ್-ಶೋಲ್ಸ್ ಸೂತ್ರವು ಆ ಬೆಲೆಯನ್ನು ಲೆಕ್ಕಹಾಕುವ ದಾರಿ ತೋರಿತು.

ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಷೇರುದಾರರಿಗೆ ಬರೆದ 1992ರ ಸಾಲಿನ ಪತ್ರದಲ್ಲಿ, ಆಪ್ಷನ್‌ಗಳು ಪ್ರತಿಫಲವಲ್ಲದಿದ್ದರೆ ಮತ್ತೇನು, ಪ್ರತಿಫಲವು ಖರ್ಚಲ್ಲದಿದ್ದರೆ ಮತ್ತೇನು ಎಂಬ ಅರ್ಥದ ಪ್ರಶ್ನೆಗಳನ್ನು ಎತ್ತಿದರು. ಲೆಕ್ಕಶಾಸ್ತ್ರದ ಮಂಡಳಿಯು 1993ರಲ್ಲಿ ಖರ್ಚು ಬರೆಯಬೇಕೆಂಬ ಕರಡನ್ನು ಹೊರಡಿಸಿದಾಗ ಉದ್ಯಮಗಳು ತೀವ್ರವಾಗಿ ವಿರೋಧಿಸಿದವು. 1994ರಲ್ಲಿ ಅಮೆರಿಕದ ಸೆನೆಟ್ ಸಭೆಯೇ ಕರಡಿನ ವಿರುದ್ಧ 88–9 ಮತಗಳಿಂದ ನಿರ್ಣಯ ಅಂಗೀಕರಿಸಿತು. 1995ರ ನಿಯಮ ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕೆಂದು ಸಡಿಲಗೊಂಡಿತು. ಎನ್ರಾನ್, ವರ್ಲ್ಡ್‌ಕಾಮ್ ಹಗರಣಗಳು ಬಯಲಾದ ಮೇಲೆ ವಾತಾವರಣ ಬದಲಾಯಿತು. 2004ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ಅಮೆರಿಕದ ಪರಿಷ್ಕೃತ ಮಾನಕವೂ ಖರ್ಚು ಬರೆಯುವುದನ್ನು ಕಡ್ಡಾಯಗೊಳಿಸಿದವು.

ಭಾರತದಲ್ಲಿ ಮತ್ತು ಬೆಂಗಳೂರಿನಲ್ಲಿ

ನೌಕರರಿಗೆ ಷೇರು ಕೊಡುವ ಪದ್ಧತಿಯನ್ನು ಭಾರತದಲ್ಲಿ ಮೊದಲಿಗೆ ಅಳವಡಿಸಿಕೊಂಡವುಗಳಲ್ಲಿ ಬೆಂಗಳೂರಿನ ಇನ್ಫೋಸಿಸ್ ಒಂದು. ಅದರ ಯೋಜನೆ 1994ರಷ್ಟು ಹಿಂದಿನದು. ಸೆಬಿ 1999ರಲ್ಲಿ ಮಾರ್ಗಸೂಚಿ ಹೊರಡಿಸಿತು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ 2005ರ ಮಾರ್ಗದರ್ಶಿಯಲ್ಲಿ ಸೊನ್ನೆ ಖರ್ಚಿನ ಹಳೆಯ ವಿಧಾನಕ್ಕೂ ಅವಕಾಶವಿತ್ತು. 2016-17ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಭಾರತೀಯ ಮಾನಕವು ದೊಡ್ಡ ಕಂಪನಿಗಳಿಗೆ ಆ ಅವಕಾಶವನ್ನು ತೆಗೆದುಹಾಕಿತು. ಈ ಮಾನಕವು ಬ್ಯಾಂಕುಗಳಿಗೆ ಅನ್ವಯವಾಗಿರಲಿಲ್ಲ. ಆದ್ದರಿಂದ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಖಾಸಗಿ ಬ್ಯಾಂಕುಗಳಿಗೆ ಪ್ರತ್ಯೇಕ ಸೂಚನೆ ಕೊಟ್ಟಿತು: 2021ರ ಮಾರ್ಚ್ 31ಕ್ಕೆ ಮುಗಿದ ವರ್ಷದ ನಂತರ ಕೊಟ್ಟ ಷೇರು ಆಧಾರಿತ ಪ್ರತಿಫಲದ ನ್ಯಾಯಯುತ ಮೌಲ್ಯವನ್ನು ಖರ್ಚೆಂದು ಬರೆಯತಕ್ಕದ್ದು.

ಆದಾಯ ತೆರಿಗೆಯ ಕ್ಷೇತ್ರದಲ್ಲಿ ಇದೇ ಪ್ರಶ್ನೆ ತಲೆಕೆಳಗಾಗಿ ಕಾಣಿಸಿಕೊಂಡಿತು. ಬೆಂಗಳೂರಿನ ಬಯೋಕಾನ್ ಕಂಪನಿಯು ನೌಕರರಿಗೆ ಪೇಟೆ ಬೆಲೆಗಿಂತ ಬಹಳ ಕಡಿಮೆ ದರದಲ್ಲಿ, ನಾಲ್ಕು ವರ್ಷಗಳಲ್ಲಿ ಪಕ್ವವಾಗುವಂತೆ ಷೇರಿನ ಹಕ್ಕು ಕೊಟ್ಟಿತ್ತು. ಬೆಲೆಯ ವ್ಯತ್ಯಾಸವನ್ನು ವ್ಯವಹಾರದ ಖರ್ಚೆಂದು ಅದು ಕಳೆದುಕೊಂಡಿತು. ನಗದು ಹೋಗಿಲ್ಲ, ಹೊಣೆಯೂ ಖಚಿತವಲ್ಲ, ಆದ್ದರಿಂದ ಇದು ಖರ್ಚಲ್ಲ ಎಂಬುದು ತೆರಿಗೆ ಇಲಾಖೆಯ ವಾದ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರಿನ ವಿಶೇಷ ಪೀಠ 2013ರಲ್ಲಿ ಕಂಪನಿಯ ನಿಲುವನ್ನು ಒಪ್ಪಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ 2020ರಲ್ಲಿ ಅದನ್ನು ಎತ್ತಿಹಿಡಿಯಿತು. ನೌಕರರ ಸೇವೆಯನ್ನು ಪಡೆಯಲು ಮಾಡಿದ ತ್ಯಾಗ ಖರ್ಚೇ ಎಂಬುದು ತೀರ್ಪಿನ ಸಾರ.

ಇಲ್ಲಿ ಸ್ವಾರಸ್ಯವೊಂದಿದೆ. ಹೂಡಿಕೆದಾರರೆದುರು ಲಾಭ ಹೆಚ್ಚಾಗಿ ಕಾಣಬೇಕಾದಾಗ ಷೇರಿನ ಸಂಬಳ ಖರ್ಚಲ್ಲವೆಂಬ ಮಾತು ಕೇಳಿಬರುತ್ತದೆ. ತೆರಿಗೆ ಅಧಿಕಾರಿಯೆದುರು ಲಾಭ ಕಡಿಮೆ ಕಾಣಬೇಕಾದಾಗ ಅದು ಖಂಡಿತವಾಗಿ ಖರ್ಚೆಂಬ ವಾದ ಹುಟ್ಟುತ್ತದೆ. ಎರಡೂ ಕಡೆ ನಿಲ್ಲುವ ಉತ್ತರ ಒಂದೇ ಇರಬೇಕು.

ಸಣ್ಣ ಉದ್ದಿಮೆದಾರರಿಗೆ ಪಾಠ

1. ಸ್ವಂತ ದುಡಿಮೆಗೆ ಬೆಲೆ ಕಟ್ಟಬೇಕು. ಅಂಗಡಿಯ ಮಾಲೀಕನು ಬೆಳಿಗ್ಗೆಯಿಂದ ರಾತ್ರಿಯವರೆಗೆ ದುಡಿದು ವರ್ಷಕ್ಕೆ 8 ಲಕ್ಷ ಲಾಭವೆಂದು ಬರೆಯುತ್ತಾನೆ. ಅದೇ ಕೆಲಸಕ್ಕೆ ಹೊರಗಿನ ಮ್ಯಾನೇಜರನನ್ನು ಇಟ್ಟರೆ 6 ಲಕ್ಷ ಸಂಬಳ ಕೊಡಬೇಕಾಗುವುದಾದರೆ, ಬಂಡವಾಳದ ನಿಜವಾದ ಗಳಿಕೆ 2 ಲಕ್ಷ ಮಾತ್ರ. ಬ್ಲ್ಯಾಕ್‌ಸ್ಟೋನ್ ಪಾಲುದಾರರ ಲೆಕ್ಕ 2007ರಲ್ಲಿ ಬದಲಾದದ್ದೂ ಇದೇ ಕಾರಣದಿಂದ. ವ್ಯವಹಾರವನ್ನು ಮಾರುವಾಗ, ಹೊಸ ಪಾಲುದಾರನನ್ನು ಸೇರಿಸಿಕೊಳ್ಳುವಾಗ ಅಥವಾ ಮಕ್ಕಳಿಗೆ ಪಾಲು ಮಾಡುವಾಗ ಈ ವ್ಯತ್ಯಾಸ ತಿಳಿಯದಿದ್ದರೆ ಒಂದು ಕಡೆಯವರಿಗೆ ಅನ್ಯಾಯ ತಪ್ಪದು.

2. ಷೇರು ಕೊಡುವುದು ಪುಕ್ಕಟೆಯಲ್ಲ. ಕೈಯಲ್ಲಿ ಹಣವಿಲ್ಲದಾಗ ನುರಿತ ಕೆಲಸಗಾರನಿಗೆ ಕಂಪನಿಯ ಪಾಲು ಕೊಡುವುದು ಒಳ್ಳೆಯ ಉಪಾಯವಿರಬಹುದು. ಆದರೆ ಕೊಟ್ಟ ಪಾಲು ಕಂಪನಿಯೊಂದಿಗೆ ಬೆಳೆಯುತ್ತದೆ; ಸಂಬಳವನ್ನಾದರೋ ಒಮ್ಮೆ ಕೊಟ್ಟರೆ ತೀರಿತು.

3. ಷರತ್ತು ಲಿಖಿತವಾಗಿರಲಿ. ಎಷ್ಟು ವರ್ಷ ಸೇವೆ, ನಡುವೆ ಬಿಟ್ಟರೆ ಏನು, ಷೇರನ್ನು ಯಾರಿಗೆ, ಯಾವ ಬೆಲೆಗೆ ಮಾರಬಹುದು ಎಂಬುದನ್ನು ಮೊದಲೇ ಬರೆದಿಡಬೇಕು. ಕಂಪನಿ ಕಾಯ್ದೆ 2013ರ ನಿಯಮಗಳಂತೆ ಆಪ್ಷನ್ ಕೊಟ್ಟ ದಿನದಿಂದ ಅದು ಪಕ್ವವಾಗಲು ಕನಿಷ್ಠ ಒಂದು ವರ್ಷದ ಅಂತರವಿರಬೇಕು. ಸಾಮಾನ್ಯವಾಗಿ ಪ್ರವರ್ತಕರಿಗೆ ಇಂಥ ಯೋಜನೆ ಅನ್ವಯಿಸುವುದಿಲ್ಲ. ಷೇರುದಾರರ ವಿಶೇಷ ನಿರ್ಣಯ ಮುಂತಾದ ವಿಧಿವಿಧಾನಗಳ ಬಗ್ಗೆ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಅಗತ್ಯ.

4. ನೌಕರನಿಗೆ ತೆರಿಗೆಯ ವಿಷಯ ತಿಳಿಸಬೇಕು. ಆಪ್ಷನ್ ಚಲಾಯಿಸಿ ಷೇರು ಪಡೆದಾಗ, ಅಂದಿನ ಮೌಲ್ಯಕ್ಕೂ ಅವನು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ಸಂಬಳದ ಆದಾಯವೆನಿಸುತ್ತದೆ. ಷೇರು ಮಾರದೆ, ಕೈಗೆ ಹಣ ಬಾರದೆಯೇ ತೆರಿಗೆ ಕಟ್ಟಬೇಕಾದ ಸಂದರ್ಭ ಬರಬಹುದು. ಪೇಟೆಯಲ್ಲಿ ವಹಿವಾಟಾಗದ ಖಾಸಗಿ ಕಂಪನಿಯ ಷೇರಾದರೆ ಈ ಕಷ್ಟ ಇನ್ನೂ ಹೆಚ್ಚು.

5. ಷೇರು ಕೊಳ್ಳುವ ಮುನ್ನ ತಾಳೆಪಟ್ಟಿ ಓದಬೇಕು. ‘ಹೊಂದಾಣಿಕೆ ಮಾಡಿದ ಲಾಭ’ ಎಂಬ ಮಾತು ಕಂಡಲ್ಲಿ, ಅಧಿಕೃತ ಲಾಭಕ್ಕೂ ಅದಕ್ಕೂ ನಡುವೆ ಏನನ್ನು ಕೈಬಿಡಲಾಗಿದೆ ಎಂದು ನೋಡಬೇಕು. ಷೇರು ರೂಪದ ಪ್ರತಿಫಲ ಅಲ್ಲಿದ್ದರೆ ಹಿಂದಿನ ಐದು ವರ್ಷಗಳಲ್ಲಿಯೂ ಇತ್ತೇ, ಕಂಪನಿಯ ಒಟ್ಟು ಷೇರುಗಳ ಸಂಖ್ಯೆ ಎಷ್ಟು ಏರಿದೆ ಎಂದು ಪರಿಶೀಲಿಸಬೇಕು. ಲಾಭ ಹೆಚ್ಚುತ್ತಿದ್ದರೂ ಷೇರೊಂದರ ಗಳಿಕೆ ಹೆಚ್ಚದಿದ್ದರೆ, ಬೆಳೆ ಬೇರೆಯವರ ಕಣಜ ಸೇರುತ್ತಿದೆ ಎಂದೇ ಅರ್ಥ.

ನಗದು ಪುಸ್ತಕ ಒಂದು ಸತ್ಯವನ್ನು ಹೇಳುತ್ತದೆ. ಲಾಭ-ನಷ್ಟದ ಲೆಕ್ಕ ಇನ್ನೊಂದನ್ನು ಹೇಳುತ್ತದೆ. ಮೊದಲನೆಯದರಿಂದ ನಾಳೆ ಸರಬರಾಜುದಾರರ ಬಿಲ್ಲು ಪಾವತಿ ಮಾಡಲು ಸಾಧ್ಯವೇ ಎಂಬುದು ತಿಳಿಯುತ್ತದೆ. ಎರಡನೆಯದರಿಂದ, ಯಾರ ದುಡಿಮೆಗೆ ಎಷ್ಟು ಸಂದಿತು, ಒಡೆಯನಿಗೆ ಉಳಿದದ್ದೆಷ್ಟು ಎಂಬುದು ತಿಳಿಯುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಉದ್ದಿಮೆದಾರನು ತನ್ನ ವ್ಯವಹಾರದಲ್ಲಾಗಲಿ, ಪರರ ಷೇರಿನಲ್ಲಾಗಲಿ ಸುಲಭವಾಗಿ ಮೋಸಹೋಗಲಾರನು.